ಕೊನೆಯ ಸೊನ್ನೆ ಎಲ್ಲಿ ಹೋಯಿತು?

ಹೋದ ಭಾನುವಾರ ದಾವಣಗೆರೆಯ ನಿಟುವಳ್ಳಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಕೂತಿದ್ದಾಗ ಇಂಜಿನಿಯರಿಂಗ್ ಮೊದಲ ವರ್ಷದ ಅಳಿಯ ಸಪ್ಪೆ ಮುಖ ಹಾಕಿಕೊಂಡು ಬಂದ.

"ಮಾಮ, ನಿನ್ನ ಲ್ಯಾಪ್‌ಟಾಪಲ್ಲಿ ಸರಿ ಬಂದ ಪ್ರೋಗ್ರಾಂ ಲ್ಯಾಬಲ್ಲಿ ತಪ್ಪು ಬಂತು. ಮಾರ್ಕ್ಸ್ ಹೋಯ್ತು."

ಪ್ರೋಗ್ರಾಂ ದೊಡ್ಡದೇನಲ್ಲ, ಸಿ ಭಾಷೆಯಲ್ಲಿ ಫ್ಯಾಕ್ಟೋರಿಯಲ್. 1ರಿಂದ 23ರವರೆಗೆ ಗುಣಿಸುತ್ತಾ ಹೋಗುವುದು, ಅಷ್ಟೇ. "ಲಾಂಗ್ ಡಬಲ್ ಹಾಕು, ಜಾಸ್ತಿ ಅಂಕಿ ಹಿಡಿಯುತ್ತೆ" ಎಂದು ಹೇಳಿಕೊಟ್ಟಿದ್ದು ನಾನೇ. ಡಬಲ್, ಲಾಂಗ್ ಡಬಲ್ ಅಂದರೆ ಸಿ ಭಾಷೆಯಲ್ಲಿ ಸಂಖ್ಯೆ ತುಂಬಿಡುವ ಡಬ್ಬಿಗಳ ಹೆಸರು. ನನ್ನ ಲಿನಕ್ಸ್‌ನಲ್ಲಿ ಬಂದಿದ್ದು 25852016738884976640000. ಅವನ ಮೊಬೈಲ್ ಫೋಟೋದಲ್ಲಿದ್ದ ಲ್ಯಾಬಿನ ಉತ್ತರ 25852016738884978212864.

ಎಲ್ಲೋ ತಪ್ಪು ಟೈಪ್ ಮಾಡಿರುತ್ತಾನೆ ಅಂದುಕೊಂಡು ಬೈದೂ ಬಿಟ್ಟೆ. ಅಂಗಡಿ ಲೆಕ್ಕ ಬರೆಯುತ್ತಿದ್ದ ಅಕ್ಕ ಇಣುಕಿ ನೋಡಿದಳು. "ಹತ್ತರಿಂದ, ಇಪ್ಪತ್ತರಿಂದ ಗುಣಿಸಿದ್ದೀವಿ ಅಂತೀರಿ, ಕೊನೆಗೆ ಸೊನ್ನೆನೇ ಇಲ್ವಲ್ಲೋ?"

ಕೋಡ್ ನೋಡಿದರೆ ಒಂದಕ್ಷರವೂ ಬೇರೆ ಇಲ್ಲ. ಲ್ಯಾಬಲ್ಲಿ ಯಾವ ಕಂಪೈಲರ್ (ಕೋಡನ್ನು ಮಶೀನಿನ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಅಂತ ಕೇಳಿದೆ. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಅಂದ. ಆಗ ಹೊಳೆಯಿತು, ಬೈದಿದ್ದಕ್ಕೆ ನಾಚಿಕೆಯೂ ಆಯಿತು.

1980ರಲ್ಲಿ ಲೆಕ್ಕ ಮಾಡುವುದಕ್ಕೆಂದೇ ಇಂಟೆಲ್ 8087 ಚಿಪ್ ಬಂದಾಗಿನಿಂದ ಅದರ ರಿಜಿಸ್ಟರುಗಳು, ಅಂದರೆ ಲೆಕ್ಕದ ಸಂಖ್ಯೆ ಇಡುವ ಜಾಗಗಳು, 80 ಬಿಟ್. ಒಂದು ಬಿಟ್ ಅಂದರೆ ಬೈನರಿಯ ಒಂದು ಅಂಕಿ, ಸೊನ್ನೆ ಇಲ್ಲವೇ ಒಂದು. ಅದರಲ್ಲಿ ಅಂಕಿಗಳಿಗೇ 64 ಬಿಟ್. ಇಂಟೆಲ್ ಮಶೀನಿನ ಲಿನಕ್ಸ್‌ನಲ್ಲಿ ಜಿಸಿಸಿ ಎಂಬ ಕಂಪೈಲರ್ ಲಾಂಗ್ ಡಬಲ್‌ಗೆ ಇದನ್ನೇ ಕೊಡುತ್ತದೆ. ಅದೂ 64 ಬಿಟ್ ಸಿಸ್ಟಮ್ ಆದರೆ 10 ಬೈಟಿನ (80 ಬಿಟ್) ಸರಕಿಗೆ 16 ಬೈಟ್ ಜಾಗ, ಅರ್ಧ ಲೋಡಿಗೆ ಇಡೀ ಲಾರಿ ಹಿಡಿದ ಹಾಗೆ. ವಿಷುಯಲ್ ಸಿಯಲ್ಲಿ ಲಾಂಗ್ ಡಬಲ್ ಅಂದರೂ ಬರೀ ಡಬಲ್ ಅಂದರೂ ಒಂದೇ, ಅಂಕಿಗೆ 53 ಬಿಟ್. ಮೋಸವೇನಲ್ಲ, ಡಬಲ್‌ಗಿಂತ ಕಡಿಮೆ ಇರಬಾರದು ಅಂತಷ್ಟೇ ಸಿ ಭಾಷೆಯ ನಿಯಮ. 22ರವರೆಗೆ ಎರಡೂ ಕಡೆ ಸರಿಯೇ. 23ಕ್ಕೆ ಬೈನರಿಯ ಕೊನೆಯ ಸೊನ್ನೆಗಳನ್ನು ಬಿಟ್ಟರೂ 56 ಬಿಟ್ ಬೇಕು, 53ರಲ್ಲಿ ಎಲ್ಲಿ ಹಿಡಿಯುತ್ತೆ?

"ಹಂಗಾದ್ರೆ ನಿಂದು ಯಾವಾಗ್ಲೂ ಸರೀನಾ ಮಾಮ?" ಅಂದ ಅಳಿಯ. ನೋಡು ಬೇಕಾದರೆ ಎಂದು ಜಂಬದಿಂದ 24, 25 ಹಾಕಿದೆ. ಸರಿ ಬಂತು. 26 ಹಾಕಿದೆ.

403291461126605635592388608.

ಅಕ್ಕ ಕನ್ನಡಕ ಸರಿಮಾಡಿಕೊಂಡು ಮತ್ತೆ ಇಣುಕಿದಳು. "ಇದ್ರಲ್ಲೂ ಸೊನ್ನೆ ಇಲ್ವಲ್ಲೋ."