ಸರಿ, ಈಜೋದು ಎಲ್ಲಿ?

ಸೋಮವಾರ ನಮ್ಮ ಈಜುಕೊಳಕ್ಕೆ ಮಣ್ಣು ಅಗೆಯೋರು ಬರುತ್ತಾರೆ. ಹಿತ್ತಲಿನಲ್ಲಿ ಕಿತ್ತಳೆ ಬಣ್ಣದ ಪೇಂಟಿನಲ್ಲಿ ಗೆರೆ ಎಳೆದು ಹೋಗಿದ್ದಾರೆ. 30 ಅಡಿ ಉದ್ದ, 14 ಅಡಿ ಅಗಲ. ಮೊನ್ನೆ ಸಂಜೆ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಆ ಗೆರೆಗಳ ಒಳಗೆ ಇಳಿದರು. ಇಳಿದರು ಅನ್ನೋದು ಸುಮ್ನೆ, ಇನ್ನೂ ಎಲ್ಲ ನೆಲವೇ.

ಇದೇನು ಅಂತ ಕೇಳಿದರು. ಸ್ಪಾ, ಬಿಸಿನೀರಿನ ತೊಟ್ಟಿ. ಇದು? ಕೂರೋ ಕಟ್ಟೆ. ಅದು? ಅದಕ್ಕೆ ಬಾಹಾ ಶೆಲ್ಫ್ ಅಂತಾರೆ, ಅಪ್ಪ. 9 ಇಂಚು ನೀರು, ಕುರ್ಚಿ ಹಾಕ್ಕೊಂಡು ಕಾಲು ನೆನೆಸಬಹುದು.

"ಸರಿ, ಈಜೋದು ಎಲ್ಲಿ?"

ನಾನು ನಕ್ಕೆ. ಅವರು ನಗಲಿಲ್ಲ. ಶೆಲ್ಫಿನ ಗೆರೆಯಿಂದ ಕೈ ಬೀಸುತ್ತಾ ಹೊರಟರು. ಎಂಟು ಹೆಜ್ಜೆಗೆ ಸ್ಪಾ ಗೆರೆ ಕಾಲಿಗೆ ಸಿಕ್ಕಿತು. ಶೆಲ್ಫಿಗೆ 7 ಅಡಿ, ಸ್ಪಾಗೆ 7 ಅಡಿ, ಉಳಿದಿದ್ದು 16. ಆರು ತಿಂಗಳಿಂದ ಆ ಪ್ಲಾನ್ ನೋಡಿದ್ದೇವೆ, ನಾನೂ ಗಂಡನೂ ಇಬ್ಬರೂ ಇಂಜಿನಿಯರುಗಳು, ಒಬ್ಬರಿಗೂ ಈ ಕಳೆಯೋ ಲೆಕ್ಕ ಹೊಳೆದಿರಲಿಲ್ಲ.

ಹಾಗಂತ ನಾವು ತಲೆ ಓಡಿಸಿಲ್ಲ ಅಂತಲ್ಲ. ಅಮೆರಿಕದ ಈ ಫೀನಿಕ್ಸ್ ಬಿಸಿಲಿಗೆ ಪೂಲಿನ ಒಳಮೈಗೆ ಕಪ್ಪು ಪೆಬಲ್, ಅಂದರೆ ಸಣ್ಣ ಕಲ್ಲಿನ ಗಾರೆ, ಹಾಕಿದರೆ ಜುಲೈಯಲ್ಲಿ ನೀರು ಹಂಡೆ ನೀರಾಗುತ್ತೆ ಅಂತ ತಿಳಿಬಣ್ಣ ಆರಿಸಿದೆವು. ಬರಿಗಾಲಿಗೆ ಸುಡಬಾರದು ಅಂತ ಸುತ್ತ ಟ್ರಾವರ್ಟಿನ್ ಕಲ್ಲು. ಬೇಲಿ 5 ಅಡಿ, ಗೇಟು ತಾನಾಗೇ ಮುಚ್ಚಿ ಚಿಲಕ ಬೀಳಬೇಕು. ಅದು ಇಲ್ಲಿನ ಕಾನೂನು, ಒಳ್ಳೆಯದೇ. ಸ್ಪಾದಿಂದ ಪೂಲಿಗೆ ನೀರು ಧುಮುಕೋ ಶೋಕಿ ನನ್ನ ಗಂಡನದ್ದು. ಅದು ಸುರಿಯುತ್ತಿದ್ದರೆ ಸ್ಪಾ ನೀರು ಬಿಸಿ ಏರೋದೇ ಇಲ್ಲ, 40 ಡಿಗ್ರಿಗೆ ಕಾಯಿಸಬೇಕಾದರೆ ವಾಲ್ವ್ ತಿರುಗಿಸಿ ಅದನ್ನು ನಿಲ್ಲಿಸಲೇಬೇಕು. ಅಂದರೆ ನಾವು ಸ್ಪಾದಲ್ಲಿ ಕೂತಾಗ ಇರದ ಜಲಪಾತ ಅದು. ಹೇಳಿದರೆ ಕೇಳೋ ಪೈಕಿ ಅಲ್ಲ.

ಡಿಸೈನರ್ ಹುಡುಗ ಚುರುಕು. ಆದರೆ ಅವನ ಐಪ್ಯಾಡಿನ ಚಿತ್ರದಲ್ಲಿ ನಾಲ್ಕು ಜನ ಗ್ಲಾಸ್ ಹಿಡಿದು ಕೂತಿದ್ದರು. ಒಬ್ಬರಾದರೂ ಈಜುತ್ತಿರಲಿಲ್ಲ. ಅದನ್ನ ಗಮನಿಸಿದ್ದು ಅಪ್ಪ ಕೇಳಿದ ಮೇಲೆ.

"ಈಜೋದು ಎಲ್ಲಿ?" ರಾತ್ರಿ ಪಾತ್ರೆ ತೊಳೆಯುವಾಗಲೂ ಅದೇ ಕಿವಿಯಲ್ಲಿ. ಆಮೇಲೆ ಸಿಟ್ಟು ಬಂತು. ಕೇಳೋಕೆ ಇವರು ಯಾರು? ತಿಪಟೂರಿನ ತೋಟದ ಬಾವಿಯಲ್ಲಿ ಅಣ್ಣನ ಬೆನ್ನಿಗೆ ಬೆಂಡು ಕಟ್ಟಿ ನೂಕಿದವರು ಇದೇ ಅಪ್ಪ. ಅವನು ನೀರು ಕುಡಿದು, ಅತ್ತು, ವಾರದಲ್ಲಿ ಮೀನಾದ. ನಾನು ಮೇಲಿನ ಮೆಟ್ಟಿಲಲ್ಲಿ ಇಬ್ಬರ ಟವೆಲ್ ಹಿಡಿದು ಕೂತಿರುತ್ತಿದ್ದೆ. ಪಾದ ಮುಳುಗೋವಷ್ಟು ನೀರು. ನಂಗೂ ಕಲಿಸಿ ಅಂತ ಕೇಳಿದ್ದೆನಾ, ನೆನಪಿಲ್ಲ. ಕೇಳಬಾರದು ಅಂತ ಗೊತ್ತಿತ್ತು ಅನ್ಸುತ್ತೆ. ಹೆಣ್ಣುಮಕ್ಕಳು ಬಾವಿಗೆ ಇಳಿಯೋದು ಆಗ ಇರಲಿಲ್ಲ, ಅಷ್ಟೇ.

ಈಗ ನಂಗೆ 44. ಲಕ್ಷ ಡಾಲರಿನ ಹತ್ತಿರ ಸುರಿದು ಪೂಲ್ ಕಟ್ಟಿಸ್ತಿದೀನಿ, ಈಜು ಬರಲ್ಲ. ಇಡೀ ಪ್ಲಾನಿನಲ್ಲಿ ನಾನು ಹಟ ಹಿಡಿದು ಹಾಕಿಸಿದ್ದು ಒಂದೇ, ಆ 9 ಇಂಚಿನ ಶೆಲ್ಫ್. ಮೇಲಿನ ಮೆಟ್ಟಿಲನ್ನೇ ಅಳತೆ ಕೊಟ್ಟು ಮಾಡಿಸಿಕೊಂಡಿದ್ದೆ ಅಲ್ವಾ!

ನಿನ್ನೆ ಡಿಸೈನರ್‌ಗೆ ಫೋನ್ ಮಾಡಿದೆ. ಸ್ಪಾ ಚೌಕದಿಂದ ಹೊರಗೆ ಹೋಯಿತು, ಒಂದು ಗೋಡೆ ಮಾತ್ರ ಪೂಲಿಗೆ ಅಂಟಿರುತ್ತೆ. ಜಲಪಾತ ಉಳೀತು, ಗಂಡ ಖುಷಿ. ಪೇಂಟಿನವನು ಬಂದು ಗೆರೆ ಅಳಿಸಿ ಹೊಸದಾಗಿ ಹಾಕಿದ. ಅಪ್ಪ ಮತ್ತೆ ನಡೆದು ನೋಡಿದರು. ಹನ್ನೊಂದೂವರೆ ಹೆಜ್ಜೆ.

"ನಂಗೆ ಕಲಿಸ್ತೀರಾ?" ಅಂದೆ.

ಸ್ವಲ್ಪ ಹೊತ್ತು ಗೆರೆ ನೋಡ್ತಾ ನಿಂತರು. "ಇಲ್ಲಿ ಬೆಂಡು ಸಿಗುತ್ತಾ?"

ಊರಿಗೆ ವಾಪಸ್ ಹೋಗೋ ಅವರ ಟಿಕೆಟ್ ಡಿಸೆಂಬರ್ 10ಕ್ಕೆ. ನೀರು ಬಿಡೋದು ಜನವರಿಗೆ ಅಂತ ಹೇಳಿದಾರೆ.