ಅನಾತೋತಿನ ಹೊಲದ ಕ್ರಯಪತ್ರ

ಕೋಲಾರದಲ್ಲಿ ಪತ್ರ ಬರೆಯುವುದು ನನ್ನ ಕಸುಬು. ಪಹಣಿ ನೋಡಿ, ಚೆಕ್ಕುಬಂದಿ ವಿಚಾರಿಸಿ, ಸಾಕ್ಷಿಗಳನ್ನು ಕೂರಿಸಿ ಬರೆದ ಕ್ರಯಪತ್ರಗಳಿಗೆ ಲೆಕ್ಕವಿಲ್ಲ. ಜಮೀನಿನ ಮೇಲೆ ಸಣ್ಣ ತಕರಾರಿದೆ ಎಂದರೂ ಕೊಳ್ಳುವವರು ಮುಂಗಡ ಕೊಡಲು ಹಿಂದೇಟು ಹಾಕುತ್ತಾರೆ. ಹಾಗಾಗಿ ಕಳೆದ ಮಳೆಗಾಲದ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ ನಮ್ಮ ಬೈಬಲ್ ಅಧ್ಯಯನದಲ್ಲಿ ಯೆರೆಮೀಯ 32ನೆಯ ಅಧ್ಯಾಯ ಓದಿದಾಗ ನನ್ನ ಕಿವಿ ನೆಟ್ಟಗಾಯಿತು.

ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಪ್ರವಾದಿ ಯೆರೆಮೀಯ ಅರಮನೆಯ ಕಾವಲಂಗಳದಲ್ಲಿ ಸೆರೆಯಾಳು. ಅಂಥ ಹೊತ್ತಿನಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು ತಮ್ಮೂರು ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ಆ ಊರಿನವರು ಯೆರೆಮೀಯನ ಪ್ರಾಣಕ್ಕೇ ಹೊಂಚು ಹಾಕಿದ್ದವರು. ಆದರೂ ಅವನು 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಪತ್ರಕ್ಕೆ ರುಜು, ಸಾಕ್ಷಿಗಳು, ಮುದ್ರೆ, ಜೊತೆಗೊಂದು ತೆರೆದ ಪ್ರತಿ. ಬಹುಕಾಲ ಉಳಿಯಲೆಂದು ಎರಡನ್ನೂ ಮಣ್ಣಿನ ಪಾತ್ರೆಯಲ್ಲಿಡುವಂತೆ ತನ್ನ ಬರಹಗಾರ ಬಾರೂಕನಿಗೆ ಹೇಳುತ್ತಾನೆ. ಒಂದು ವಿಧಿಯನ್ನೂ ಬಿಟ್ಟಿಲ್ಲ! ಈ ನೆಲದಲ್ಲಿ ಮತ್ತೆ ಹೊಲಮನೆಗಳ ಕ್ರಯವಿಕ್ರಯ ನಡೆಯುತ್ತದೆ ಎಂಬ ದೇವರ ಮಾತಿನ ಮೇಲೆ ಅಷ್ಟು ಭರವಸೆ.

"ಪತ್ರ ಇದ್ದರೆ ಆಯಿತೇ ಅಣ್ಣಾ? ಉಳುವವರು ಬೇಡವೇ?" ಎಂದರು ಟೊಮೆಟೊ ಬೆಳೆಯುವ ಅಕ್ಕ ಒಬ್ಬರು.

ಹಿರಿಯರು ಎಜ್ರ ಎರಡನೆಯ ಅಧ್ಯಾಯ ತೆಗೆಸಿದರು. ಬರೀ ಹೆಸರು, ಸಂಖ್ಯೆಗಳ ಪಟ್ಟಿ. ಸಾಮಾನ್ಯವಾಗಿ ಯಾರೂ ಅಲ್ಲಿ ನಿಲ್ಲುವುದಿಲ್ಲ. 23ನೆಯ ವಚನಕ್ಕೆ ಅವರ ಬೆರಳು ನಿಂತಿತು: ಬಾಬೆಲಿನ ಸೆರೆಯಿಂದ ಹಿಂದಿರುಗಿದ ಅನಾತೋತಿನವರು 128 ಮಂದಿ. ಕ್ರಿ.ಪೂ. 539ರಲ್ಲಿ ಬಾಬೆಲನ್ನು ಗೆದ್ದ ಪಾರಸಿಯ ಅರಸ ಕೋರೆಷ ಯೆಹೂದ್ಯರನ್ನು ಊರಿಗೆ ಕಳುಹಿಸಿದ್ದ. ಯೆರೆಮೀಯನ ಮಾತು ನೆರವೇರಲೆಂದೇ ಇದಾಯಿತು ಎನ್ನುತ್ತದೆ ಎಜ್ರನ ಮೊದಲ ವಚನ. ಅದೇ ಯೆರೆಮೀಯನ ಬರಹವನ್ನು ಬಾಬೆಲಿಗೆ ಸೆರೆಯಾಗಿ ಹೋಗಿದ್ದ ದಾನಿಯೇಲ ಓದಿದ್ದ. ನೆಹೆಮೀಯ 11ರಲ್ಲಿ ಅನಾತೋತ್ ಮತ್ತೆ ಜನ ವಾಸಿಸುವ ಊರು.

ನನಗೆ ಮೈ ಜುಮ್ಮೆಂದಿತು. ನಿರೀಕ್ಷೆ ಕೊಡುವ ಯೆರೆಮೀಯ 29:11 ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಅದರ ಹಿಂದಿನ ವಚನದಲ್ಲಿರುವ, ಬಾಬೆಲಿನಲ್ಲಿ ಕಾಯಬೇಕಾದ 70 ವರ್ಷ ಮಾತ್ರ ಕ್ಯಾಲೆಂಡರಿಗೆ ಬರುವುದಿಲ್ಲ. ಒಂದೊಂದೇ ವಚನ ನನ್ನನ್ನು ಸಂತೈಸಿದ್ದು ನಿಜ. ಆದರೆ ಪುಸ್ತಕದಿಂದ ಪುಸ್ತಕಕ್ಕೆ ಒಂದು ಹೊಲದ ಜಾಡು ಹಿಡಿದು ನಡೆದ ಆ ಮಧ್ಯಾಹ್ನ ಕೊಟ್ಟ ಧೈರ್ಯವೇ ಬೇರೆ.

"ಯೆರೆಮೀಯ ಆ ಹೊಲದ ಫಸಲು ಉಂಡನೇ?" ಎಂದು ಅಕ್ಕ ಬಿಡದೆ ಕೇಳಿದರು. 43ನೆಯ ಅಧ್ಯಾಯದಲ್ಲಿ ಅವನನ್ನು ಐಗುಪ್ತಕ್ಕೆ ಕರೆದೊಯ್ಯುತ್ತಾರೆ. ತಿರುಗಿ ಬಂದ ಸುದ್ದಿ ಬೈಬಲಿನಲ್ಲಿಲ್ಲ. ಮನೆ ಬಿಟ್ಟು ಹೋದ ನನ್ನ ತಮ್ಮನಿಗಾಗಿ ನಾನು ವರ್ಷಗಳಿಂದ ಪ್ರಾರ್ಥಿಸುತ್ತಿದ್ದೇನೆ. ಅವನ ಪಾಲಿನ ಜಮೀನನ್ನು ನನ್ನ ಹೆಸರಿಗೆ ಮಾಡಿಸಿಕೋ ಎಂದು ಬಂಧುಗಳು ಹೇಳುತ್ತಲೇ ಇದ್ದಾರೆ. ಮಾಡಿಸುವುದಿಲ್ಲ ಎಂದು ಅದೇ ಸಂಜೆ ಅವ್ವನಿಗೆ ಹೇಳಿದೆ.