ಬೆಳಕಿಗೆ ಹಿಡಿದ ಮೊಟ್ಟೆ

ಇವತ್ತು ಅಕ್ವೇರಿಯಂನಲ್ಲಿ ಸ್ಕೇಟ್ ಅನ್ನೋ ಚಪ್ಪಟೆ ಮೀನಿನ ಮೊಟ್ಟೆ ನೋಡಿದೆ. ಮೊಟ್ಟೆ ಅಂದರೆ ದುಂಡಗಿಲ್ಲ, ಚರ್ಮದಂಥ ಚಪ್ಪಟೆ ಚೀಲ. ನಾಲ್ಕು ಮೂಲೆಗೂ ಒಂದೊಂದು ಕೊಂಬು. ಹಿಂದಿನಿಂದ ಬೆಳಕು ಬಿಟ್ಟಾಗ ಒಳಗೊಂದು ಎಳೆ ಬಾಲ ಆಡುತ್ತಿತ್ತು! ಚೀಲದೊಳಗೆ ಹೊಸ ನೀರು ಹರಿಯಲಿ ಅಂತ ಮರಿ ಹಾಗೆ ಬಾಲ ಬಡಿಯುತ್ತದೆ. ಹುಟ್ಟುವ ಮೊದಲೇ ಉಸಿರಿಗಾಗಿ ಅಷ್ಟು ದುಡಿಮೆ. ತುಂಬಾ ಹೊತ್ತು ಅಲ್ಲೇ ನಿಂತುಬಿಟ್ಟೆ.

ಸ್ಕೇಟ್ ಮತ್ತು ತೊರಕೆ ಮೀನು (ಸ್ಟಿಂಗ್ ರೇ) ನೋಡೋಕೆ ಒಂದೇ ಥರ, ಅಲ್ವಾ? ಆದರೆ ಸ್ಕೇಟ್ ಮೊಟ್ಟೆ ಇಡುತ್ತದೆ, ತೊರಕೆ ಮರಿ ಹಾಕುತ್ತದೆ. ಸ್ಕೇಟ್‌ನ ಬಾಲ ದಪ್ಪ, ವಿಷದ ಮುಳ್ಳಿಲ್ಲ. ಗರಗಸ ಮೀನನ್ನೂ ಸೇರಿಸಿ ಈ ಬಳಗದಲ್ಲಿ 600ಕ್ಕಿಂತ ಜಾಸ್ತಿ ಜಾತಿಗಳಿವೆ. ಎಲ್ಲವೂ ಶಾರ್ಕ್‌ನ ನೆಂಟರು, ಮೈಯಲ್ಲಿ ಮೂಳೆಯೇ ಇಲ್ಲ, ಬರೀ ಮೃದ್ವಸ್ಥಿ, ಅಂದರೆ ನಮ್ಮ ಕಿವಿಯಲ್ಲಿರುವಂಥ ಬಾಗುವ ಮೆದು ಎಲುಬು.

ಗರಗಸ ಮೀನಿಗೆ ಶಾರ್ಕ್‌ನಂಥ ಮೈ ಇದ್ದರೂ ಅದು ಶಾರ್ಕ್ ಅಲ್ಲ. ಕಿವಿರಿನ ಸೀಳು ಎಲ್ಲಿದೆ ನೋಡಿ. ಶಾರ್ಕ್‌ಗೆ ಪಕ್ಕದಲ್ಲಿ, ಈ ಬಳಗಕ್ಕೆ ಹೊಟ್ಟೆಯ ಕಡೆ. ಹಾಗಾದರೆ ಮರಳಲ್ಲಿ ಹುದುಗಿರುವ ತೊರಕೆ ಉಸಿರಾಡೋದು ಹೇಗೆ? ಕಣ್ಣಿನ ಹಿಂದೆ ಎರಡು ತೂತುಗಳಿವೆ, ಅಲ್ಲಿಂದ ನೀರು ಎಳೆದುಕೊಳ್ಳುತ್ತದೆ. ಗಾಜಿನ ಆಚೆ ಅವು ಮೆಲ್ಲಗೆ ತೆರೆದು ಮುಚ್ಚುತ್ತಿದ್ದವು. ಆ ಪುಟ್ಟ ಬಾಲ ಮಾತ್ರ ಇನ್ನೂ ಕಣ್ಣಲ್ಲೇ ಇದೆ.